ಅಕ್ಕನ ಮಾಡಿಗೆ ಹುಕ್ಕು ಹೊತ್ತು

ಸವಣೂರಿನಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. ನನ್ನ ತೊಡೆಯ ಮೇಲೆ ಕಬ್ಬಿಣದ ಹುಕ್ಕುಗಳ ಚೀಲ, ಪಕ್ಕದಲ್ಲಿ ಮಾಡಿಗೆ ತಗಡಿನ ಪತ್ರಾಸ್ ಹೊದಿಸುವ ಮೌಲಾ ಚಾಚಾ. ಹಿರೇಕೆರೂರಿನ ಆಚೆಯ ಹಳ್ಳಿಯಲ್ಲಿ ಅಕ್ಕ-ಭಾವ ಬೇರೆ ಮನೆ ಮಾಡಿ ಮೂರು ತಿಂಗಳಾಗಿರಲಿಲ್ಲ. ಹಿಂದಿನ ವಾರದ ಬಿರುಗಾಳಿಗೆ ಮಾಡು ಹಾರಿ ಪಕ್ಕದ ಹೊಲದಲ್ಲಿ ಬಿದ್ದಿತ್ತು. ಇನ್ನೊಮ್ಮೆ ಹಾರಿದರೆ ಎದುರಿನ ಹಳೇ ಮನೆಗೇ ಮರಳಬೇಕೆಂದು ಅಕ್ಕನ ಅತ್ತೆಯ ಅಪ್ಪಣೆಯಾಗಿತ್ತು.

ಹಾನಗಲ್ಲಿನಲ್ಲಿ ಬಸ್ಸು ಬದಲಿಸುವ ಮುನ್ನ ಗಿರಮಿಟ್, ಮಿರ್ಚಿ ತಿಂದೆವು. ನಾನು ಅಕ್ಕನ ಅತ್ತೆಯ ದನಿಯಲ್ಲೇ ಅಣಕಿಸಿದೆ: "ಗಾಳಿಗೂ ಗೊತ್ತೈತಿ, ಈ ಸೊಸಿ ಮಾತ ಕೇಳಂಗಿಲ್ಲಂತ!" ಹೋಟೆಲಿನವರು ನಕ್ಕರು. ಚಾಚಾ ನಗಲಿಲ್ಲ.

"ಮಾಡಿನ ಮ್ಯಾಲ ಬರೇ ಕಲ್ಲ ಹೇರಿದಾವ ಯಾರೋ?"

ಹೇರಿದವನು ನಾನೇ. ಗಂಭೀರವಾಗಿ ಮಿರ್ಚಿ ಕಡಿದೆ. "ಎಲ್ಲಾರೂ ಹೇರ್ತಾರಲ್ರಿ ಚಾಚಾ."

"ಗಾಳಿ ಮ್ಯಾಲಿಂದ ಒತ್ತಂಗಿಲ್ಲೋ ಮಾರಾಯಾ, ಒಳಗ ಹೊಕ್ಕು ಎತ್ತತೈತಿ. ಆಮ್ಯಾಲ ಕಲ್ಲು ಸೀದಾ ತಲಿ ಮ್ಯಾಲ."

ಮಧ್ಯಾಹ್ನ ಹಳ್ಳಿ ಮುಟ್ಟಿದಾಗ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಚಾಚಾ ಪ್ರತಿ ಪತ್ರಾಸನ್ನೂ ಅಡ್ಡ ಪೈಪಿಗೆ ಹುಕ್ಕು ಹಾಕಿ ಬಿಗಿದರು. ಪೈಪುಗಳನ್ನು ಗೋಡೆಗೆ ಜಡಿದರು. ಒಂದು ಕಲ್ಲನ್ನೂ ಇಡಗೊಡಲಿಲ್ಲ. ಎದುರು ಮನೆಯ ಕಟ್ಟೆಯಿಂದ ಅತ್ತೆ ಕೂಗಿದರು, "ಕಲ್ಲಿಲ್ಲದ ಮಾಡು ಇವತ್ತ ಹಾನಗಲ್ಲ ಮುಟ್ಟತೈತಿ, ನೋಡ್ರಿ!"

"ಮುಟ್ಟಿದ್ರ ಅಲ್ಲೇ ಮನಿ ಕಟ್ಟತೇನ್ರಿ ಅತ್ತಿ," ಎಂದಳು ಅಕ್ಕ. "ನಿಮ್ಮ ಪಡಸಾಲಿಗಂತೂ ಬರಂಗಿಲ್ಲ."

ನಾಲ್ಕರ ಸುಮಾರಿಗೆ ಪಡುವಣದಿಂದ ಕೆಂಧೂಳು ಎದ್ದಿತು. ಚಾಚಾ ಗಾಳಿಗೆ ಎದುರಾದ ಬಾಗಿಲು, ಕಿಟಕಿಗಳನ್ನೆಲ್ಲ ಮುಚ್ಚಿಸಿದರು. ಮಾಡು ಗುಡುಗತೊಡಗಿತು. ಊರವರನ್ನೆಲ್ಲ ಅಣಕಿಸುವ ನಾನು ಹುಕ್ಕಿನ ಚೀಲ ತಬ್ಬಿಕೊಂಡು ಮೂಲೆ ಹಿಡಿದೆ. ಭಾವ ಅಕ್ಕನ ತೋಳು ಹಿಡಿದೆಳೆದ, ಅವಳು ಕೊಸರಿಕೊಂಡು ನಡುಮನೆಯಲ್ಲೇ ನಿಂತು ಮೇಲೆ ನೋಡುತ್ತ ಗಾಳಿಯತ್ತ ಚೀರಿದಳು, "ಎತ್ತು! ಎತ್ತ ನೋಡೂಣು!"

ಪತ್ರಾಸು ನಡುಗಿತು, ಕಿರುಗುಟ್ಟಿತು, ಏಳಲಿಲ್ಲ.

ಆಗ ಹಿತ್ತಲ ಬಾಗಿಲನ್ನು ಯಾರೋ ಬಡಿದರು. ತಲೆಯ ಮೇಲೆ ಬುಟ್ಟಿ ಬೋರಲು ಹಾಕಿಕೊಂಡು ಅತ್ತೆ ನಿಂತಿದ್ದರು. ಅವರ ಪಡಸಾಲೆಯ ಮಾಡು ಕಲ್ಲುಸಮೇತ ಅಂಗಳಕ್ಕೆ ಬಿದ್ದಿತ್ತು.

"ಹುಕ್ಕ ಏನರ ಉಳದಾವೇನವಾ?"

ಅಕ್ಕ ಕೈ ಹಿಡಿದು ಒಳಗೆಳೆದಳು. "ಬರ್ರಿ ಅತ್ತಿ. ಮೊದ್ಲ ಬಾಗ್ಲಾ ಹಾಕ್ರಿ."

ಮರುದಿನ ಬೆಳಿಗ್ಗೆ ನಾನೊಬ್ಬನೇ ಬಸ್ಸು ಹತ್ತಿದೆ. ತಮ್ಮ ಮಾಡಿಗೂ ಹುಕ್ಕು ಹಾಕಿರೆಂದು ಊರವರು ಚಾಚಾನನ್ನು ಬಿಡಲಿಲ್ಲ. ಕಿಟಕಿಯಿಂದ ತಿರುಗಿ ನೋಡಿದರೆ ಹಳೇ ಮನೆಯ ಮಾಡಿನ ಮೇಲೆ ಅಕ್ಕ ಸುತ್ತಿಗೆ ಹಿಡಿದು ಕುಳಿತಿದ್ದಳು. ಕೆಳಗೆ ಅತ್ತೆ, ಸೊಸೆ ಹೇಳಿದ ಕಡೆಗೆಲ್ಲ ಏಣಿ ಸರಿಸುತ್ತಿದ್ದರು.