ದೆವ್ವಕ್ಕೆ ಅಂಜದ ಸಿಸ್ಟರ್

ಮಹಾರಾಷ್ಟ್ರದ ಗಡಿಯ ನಿಲಂಗಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ನರ್ಸ್ ಇದ್ದರು. ಓಣಿಗೆಲ್ಲ ಅವರು ಸಿಸ್ಟರ್. ದೆವ್ವದ ಸಿನಿಮಾ ಎಂದರೆ ಅವರಿಗೆ ಪ್ರಾಣ. ಅವರ ಹತ್ತಿರ ಹಳೆಯ ಇಟಾಲಿಯನ್ ಚಿತ್ರವೊಂದರ ಕ್ಯಾಸೆಟ್ ಇತ್ತು. ನೋಡಿ ನೋಡಿ ಅದು ಎಷ್ಟು ಸವೆದಿತ್ತೆಂದರೆ, ದೆವ್ವ ಯಾವುದು, ಕಿಟಕಿಯ ಪರದೆ ಯಾವುದು ತಿಳಿಯುತ್ತಿರಲಿಲ್ಲ. ಆದರೂ ಭಾನುವಾರ ಮಧ್ಯಾಹ್ನ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಅದನ್ನೇ ಹಾಕುತ್ತಿದ್ದರು. ಯಾರಾದರೂ ಚೀರಿದರೆ ಮೆಂತ್ಯ ಸೊಪ್ಪು ಬಿಡಿಸುತ್ತಲೇ, "ಅಂಜಬ್ಯಾಡ್ರಿ. ರಕ್ತ ಇಷ್ಟು ಕೆಂಪ ಇರಲ್ಲ, ಇದು ಶರಬತ್ತ ಅದ" ಎನ್ನುತ್ತಿದ್ದರು.

ಆ ಚಿತ್ರವನ್ನು ಚೊಕ್ಕ ಮಾಡಿದ ಹೊಸ ಡಿಸ್ಕ್ ಬಂದಾಗ ನಾನೇ ತರಿಸಿಕೊಟ್ಟೆ. ಆ ಭಾನುವಾರ ಎಲ್ಲರೂ ಕೂತು ನೋಡುವಾಗ ಎಲ್ಲವೂ ನಿಚ್ಚಳವಾಗಿ ಕಾಣುತ್ತಿತ್ತು. ಸತ್ತ ಮಾಟಗಾತಿಯನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಹುಗಿಯುವ ದೃಶ್ಯ ಬಂತು. ಸಿಸ್ಟರ್ ಸೊಪ್ಪು ಬಿಟ್ಟು ಮುಂದೆ ಬಾಗಿದರು. ಹೆಣವಾಗಿದ್ದ ನಟಿಯ ಎದೆ ಮೆಲ್ಲಗೆ ಏರಿಳಿಯುತ್ತಿತ್ತು.

"ಥಾಂಬಾ! ನಿಂದರ್ರಿ! ಆಕಿಗಿ ಇನ್ನಾ ಉಸರ ಅದ!" ಎಂದು ಟಿವಿಗೆ ಕೂಗಿದರು.

"ಸಿಸ್ಟರ್, ಅದು ನಾಟಕ ಅದರೀ" ಎಂದೆ.

"ಏನರೇ ಇರಲಿ. ನಾಡಿ ನೋಡ್ಲಾರ್ದೆ ಮಣ್ಣ ಹಾಕ್ತಾರೇನು?"

ಪೆಟ್ಟಿಗೆಯ ಮೇಲೆ ಮೊದಲ ಸಲಿಕೆ ಮಣ್ಣು ಬಿತ್ತು. ಸಿಸ್ಟರ್ ಎದ್ದು ಟಿವಿ ಬಂದ್ ಮಾಡಿದರು. ಹೆಂಗಸರು ನಗುತ್ತಿದ್ದರು; ಸಿಸ್ಟರ್ ಮಾತ್ರ ಡಿಸ್ಕನ್ನು ಹೊರಗೆ ತೆಗೆದು ಡಬ್ಬಿಗೆ ಹಾಕಿದರು.

ಮರುದಿನ ಬೆಳಿಗ್ಗೆ ಬಂದು ಡಿಸ್ಕನ್ನು ನನಗೇ ಕೊಟ್ಟುಬಿಟ್ಟರು.

"ಮುಂದ ಆಕಿ ಎದ್ದು ಬಂದು ಊರಾಗಿನವರಿಗೆಲ್ಲ ಕೊಲ್ತಾಳ, ನನಗ ಗೊತ್ತದ" ಎಂದರು. "ಬರೋಬರ್ ಮಾಡ್ಯಾಳ."