ಲಾನ್ಸಿ ಮುಚ್ಚಿಸಿದ ಜೌಗು

ಮಾತಿನಲ್ಲಿ ಲಾನ್ಸಿಯನ್ನು ಹಿಂದೆ ಹಾಕುವವರು ಇರಲಿಲ್ಲ ಮಾರಾಯ್ರೆ. ಮೂಡುಬಿದಿರೆ ಕಡೆಯಿಂದ ಸಿಡ್ನಿಗೆ ಓದಲು ಬಂದವನು, ಅಲ್ಲೇ ಕಾಯಂ ಇರಲು ಪಿಆರ್ ಸಿಕ್ಕ ಮೇಲೆ ರಾಜಣ್ಣನ ಕಂಪನಿಗೆ ಸೇರಿಕೊಂಡ. ರಾಜಣ್ಣ ತುಮಕೂರಿನವನು, ಹೊಲ ಕೊಂಡು ಲೇಔಟ್ ಮಾಡಿ ಸೈಟು ಮಾರುವುದು ಅವನ ಉದ್ಯೋಗ. ಅದಕ್ಕೆ ಬೇಕಾದ ಅನುಮತಿಗಳನ್ನೆಲ್ಲ ತರುವುದು ಲಾನ್ಸಿಯ ಕೆಲಸ.

ಸಿಡ್ನಿಯ ಅಂಚಿನ ಮಾರ್ಸ್ಡನ್ ಪಾರ್ಕ್ ಬಡಾವಣೆಯಲ್ಲಿ ರಾಜಣ್ಣ ಕೊಂಡ ಜಾಗದ ನಡುವೆ ಒಂದು ಜೌಗು ಇತ್ತು. ಮೊಣಕಾಲುದ್ದ ನೀರು, ಜೊಂಡು, ಕಪ್ಪೆ, ಅಂಚಿನಲ್ಲಿ ಕಾಡುಹೂ. "ಈ ಕೊಚ್ಚೆ ಹೊಂಡ ನನ್ನ ತಲೆ ತಿಂತಾ ಇದೆ ಕಣೋ" ಎಂದು ರಾಜಣ್ಣ ಗೊಣಗಿದಾಗ ಲಾನ್ಸಿ ನಕ್ಕುಬಿಟ್ಟ.

"ಸರ್, ಇದನ್ನ ಇಟ್ಕೊಂಡ್ರೆ ರಸ್ತೆ ಸುತ್ತಿ ಹೋಗ್ಬೇಕು, ಬೇಲಿ ಹಾಕ್ಬೇಕು, ಕಪ್ಪೆ ಬದುಕಿದ್ಯಾ ಸತ್ತಿದ್ಯಾ ಅಂತ ವರ್ಷ ವರ್ಷ ರಿಪೋರ್ಟ್ ಕೊಡ್ಬೇಕು. ಸೊಳ್ಳೆ ಬಂದ್ರೆ ಜನ ನಿಮ್ಮನ್ನೇ ಬೈತಾರೆ. ಅದರ ಬದಲು ಕ್ರೆಡಿಟ್ ತಗೊಳ್ಳಿ. ಊರಾಚೆ ಒಂದು ದೊಡ್ಡ ಜೌಗನ್ನ ಸರಿಮಾಡಿ ಕಾಪಾಡ್ತಾ ಇದಾರೆ. ದುಡ್ಡು ಕೊಟ್ಟು ಅವ್ರ ಹತ್ರ ಕ್ರೆಡಿಟ್ ಕೊಂಡ್ರೆ, ಸರ್ಕಾರದ ಲೆಕ್ಕದಲ್ಲಿ ಇಲ್ಲಿ ಹೋಗಿದ್ದಕ್ಕೆ ಅಲ್ಲಿ ಉಳಿದಿದ್ದು ಸರಿಹೋಯ್ತು. ನೋಡ್ಕೊಳ್ಳೋ ಹೊಣೆ ಅವ್ರದ್ದು. ನಮ್ಮ ಪ್ಲಾನ್ ಬದಲಾಗಲ್ಲ, ಅಪ್ರೂವಲ್ಲೂ ಬೇಗ."

ಇದರಲ್ಲಿ ಸುಳ್ಳೇನೂ ಇರಲಿಲ್ಲ. ಮನೆಗಳ ನಡುವೆ ಸಿಕ್ಕಿ ಕಸ ತುಂಬಿಕೊಳ್ಳುವ ಸಣ್ಣ ಹೊಂಡಕ್ಕಿಂತ, ತಿಳಿದವರ ಕೈಯಲ್ಲಿರುವ ದೊಡ್ಡ ಜೌಗೇ ಕಪ್ಪೆಗೂ ಹಕ್ಕಿಗೂ ಮೇಲು ಎಂದು ಲಾನ್ಸಿ ನಿಜವಾಗಿಯೂ ನಂಬಿದ್ದ. ರಾಜಣ್ಣ ಖುಷಿಯಿಂದ ಅವನ ಬೆನ್ನು ತಟ್ಟಿದ.

ಹಾಗಾದರೆ ಆ ಅಂಚಿನ ಕಾಡುಹೂ ಯಾರಿಗೆ ಬೇಕಾಗಿತ್ತೆಂದು ಲಾನ್ಸಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು! ಸೆಪ್ಟೆಂಬರ್ ಎಂಟರ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂ ಕೊಯ್ದು ತಂದು ಮಾತೆ ಮರಿಯಮ್ಮನಿಗೆ ಅರ್ಪಿಸುವುದು ಕರಾವಳಿಯ ಕೊಂಕಣಿ ಕ್ರೈಸ್ತರ ಪದ್ಧತಿ. ಸಿಡ್ನಿಯಲ್ಲಿ ಎಲ್ಲರೂ ಅಂಗಡಿಯ ಗುಲಾಬಿಗೆ ಇಳಿದಿದ್ದರು. ಲಾನ್ಸಿಯ ಹೆಂಡತಿ ಮೇಬಲ್ ಮಾತ್ರ ಬಿಡುವವಳಲ್ಲ. ಆಸ್ಪತ್ರೆಯಲ್ಲಿ ನರ್ಸ್ ಅವಳು. ಸೆಪ್ಟೆಂಬರ್ ಬಂತೆಂದರೆ ರಜೆ ಹಾಕಿ, ಮಗಳು ರೋಶೆಲ್ ಜೊತೆ ಪರಿಚಯದವರ ಮಕ್ಕಳಿಗೆಲ್ಲ ಬುಟ್ಟಿ ಹಿಡಿಸಿ, ಮನೆಯ ಹತ್ತಿರವೇ ಇದ್ದ ಆ ಜೌಗಿಗೆ ಹೊರಡುತ್ತಿದ್ದಳು. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಕ್ಕಳು ಅಲ್ಲಿ ಮಾತ್ರ, ಹೂ ಕೊಯ್ಯುತ್ತ, ಅವಳ ಜೊತೆ ಕೊಂಕಣಿ ಹಾಡು ಹೇಳುತ್ತಿದ್ದರು. ಅದನ್ನು ಕೇಳಲು ಅವಳು ವರ್ಷವಿಡೀ ಕಾಯುತ್ತಿದ್ದಳು.

ಇಷ್ಟು ಗೊತ್ತಿದ್ದೂ ಆಸಾಮಿ ಮನೆಯಲ್ಲಿ ತುಟಿ ಪಿಟಿಕ್ಕೆನ್ನಲಿಲ್ಲ. ಮಣ್ಣಿನ ಲಾರಿಗಳು ಬಂದ ದಿನವೇ ಮೇಬಲ್‌ಗೆ ವಿಷಯ ಗೊತ್ತಾದದ್ದು.

"ನಿನಗೆ ಮೊದಲೇ ಗೊತ್ತಿತ್ತಲ್ಲ ಲಾನ್ಸಿ? ಮಕ್ಕಳ ಹಬ್ಬಕ್ಕೆ ಒಂದು ಮೂಲೆಯಾದ್ರೂ ಬಿಡಿ ಅಂತ ರಾಜಣ್ಣನವರ ಹತ್ರ ಕೇಳಿದ್ಯಾ?"

"ಕೇಳಿದೆ. ಆಗುದಿಲ್ಲ ಅಂದ್ರು."

ಕೇಳಿರಲಿಲ್ಲ. ಹೆಂಡತಿಯ ಹಬ್ಬದ ಹೂವಿಗೆಂದು ಯಜಮಾನನ ಮುಂದೆ ಹಲ್ಲು ಗಿಂಜುವುದೇ ಎಂದು ಅವನಿಗೆ ನಾಚಿಕೆ. ಅವಳ ಮುಖ ನೋಡಲಾರದೆ ಇನ್ನೊಂದು ಮಾತು ಸೇರಿಸಿದ. "ಬೇಜಾರು ಮಾಡ್ಬೇಡ. ನಾವು ಕ್ರೆಡಿಟ್ ತಗೊಂಡ ಜೌಗು ಉಂಟಲ್ಲ, ಅದು ಇದಕ್ಕಿಂತ ಎಷ್ಟೋ ದೊಡ್ಡದು. ಮಕ್ಕಳನ್ನು ಅಲ್ಲಿಗೇ ಕರ್ಕೊಂಡು ಹೋಗುವ."

ಸೆಪ್ಟೆಂಬರಿನಲ್ಲಿ ಎರಡು ಕಾರು ತುಂಬ ಮಕ್ಕಳನ್ನು ಹತ್ತಿಸಿಕೊಂಡು ಹೊರಟರು. ಅಬ್ಬಾ, ಆ ಜೌಗು ಕಣ್ಣಿಗೆ ಹಬ್ಬ! ನೀರಿನ ತುಂಬ ಹಕ್ಕಿ, ದಡದ ತುಂಬ ಹಳದಿ, ನೇರಳೆ ಹೂ. ಮಕ್ಕಳು ಬುಟ್ಟಿ ಹಿಡಿದು ಓಡಿದರು. ಗೇಟು ತೆಗೆದುಕೊಟ್ಟ ಹೆಂಗಸು, ಆ ಜಾಗ ನೋಡಿಕೊಳ್ಳುವವಳು, ಗಾಬರಿಯಿಂದ ಅಡ್ಡ ಬಂದಳು. ಒಳ್ಳೆಯ ಮಾತಿನಲ್ಲೇ ಹೇಳಿದಳು: ಎಷ್ಟು ಹೊತ್ತು ಬೇಕಾದರೂ ನೋಡಿ, ಆದರೆ ಒಂದು ಹೂವನ್ನೂ ಕೀಳುವಂತಿಲ್ಲ. ಇಲ್ಲಿಂದ ಯಾರೂ ಏನನ್ನೂ ಕೀಳುವುದಿಲ್ಲವೆಂದು ಶಾಶ್ವತವಾಗಿ ಒಪ್ಪಿಕೊಂಡಿದ್ದೇವೆ, ನಿಮ್ಮ ಕಂಪನಿ ಕ್ರೆಡಿಟ್ ಕೊಂಡದ್ದು ಅದಕ್ಕೇ ಅಲ್ಲವೇ?

ಆ ಷರತ್ತನ್ನು ರಾಜಣ್ಣನಿಗೆ ವಿವರಿಸಿದವನೇ ಲಾನ್ಸಿ. ಹಬ್ಬದ ಹೂವೂ ಅದರಲ್ಲಿ ಸೇರುತ್ತದೆಂದು ಮಾತ್ರ ಹೊಳೆದಿರಲಿಲ್ಲ. ಊರಿನಲ್ಲಿ ಮೊಂತಿ ಹಬ್ಬದ ಮಕ್ಕಳನ್ನು ಯಾವ ಗದ್ದೆಯ ಯಜಮಾನನೂ ತಡೆದದ್ದನ್ನು ಅವನು ಕಂಡಿರಲಿಲ್ಲ.

"ಕ್ಯಾನ್ ವಿ ಗೋ ಹೋಮ್?" ಎಂದಳು ರೋಶೆಲ್. ಮಕ್ಕಳು ಖಾಲಿ ಬುಟ್ಟಿಗಳನ್ನು ಡಿಕ್ಕಿಗೆ ಹಾಕಿ ಫೋನ್ ಹಿಡಿದು ಕೂತರು. ಯಾರೂ ಹಾಡು ಹೇಳಲಿಲ್ಲ. ಮೇಬಲ್ ಆ ಹೆಂಗಸಿಗೆ ಥ್ಯಾಂಕ್ಸ್ ಹೇಳಿ ಬಂದು, "ಅವಳದ್ದೇನೂ ತಪ್ಪಿಲ್ಲ" ಎಂದಷ್ಟೇ ಅಂದಳು. ಮರುವರ್ಷ ಅವಳು ಯಾರ ಮಕ್ಕಳನ್ನೂ ಕರೆಯಲಿಲ್ಲ. ಹಬ್ಬದ ದಿನವೂ ಶಿಫ್ಟ್ ಹಾಕಿಸಿಕೊಂಡಳು. ಅದನ್ನು ನೋಡಿ ಲಾನ್ಸಿಗೆ ಸಂಕಟವಾಯಿತು, ಆದರೂ ತಾನು ರಾಜಣ್ಣನನ್ನು ಕೇಳಿರಲೇ ಇಲ್ಲವೆಂದು ಒಪ್ಪಿಕೊಳ್ಳಲಿಲ್ಲ.

ಈಚೆಗೆ ರಾಜಣ್ಣ ಮೆಲ್ಬರ್ನಿನ ಕ್ಲೈಡ್ ನಾರ್ತ್‌ನಲ್ಲಿ ಜಾಗ ಕೊಂಡ. ಇಬ್ಬರೂ ಅದನ್ನು ನೋಡಿ ಏರ್‌ಪೋರ್ಟಿಗೆ ವಾಪಸ್ ಹೋಗುವಾಗ, ಕಾರು ಓಡಿಸುತ್ತಿದ್ದ ರಾಜಣ್ಣ ಕೇಳಿದ: "ಅಲ್ವೋ, ಮೇಬಲ್ ಅವ್ರು ಸಿಡ್ನೀಲಿ ಪೆಂಡಲ್ ಹಿಲ್ ಅಂಗಡೀಲಿ ಸಿಕ್ಕಿದ್ರು. ಮಾತಾಡ್ಸಿದ್ರೆ ಮುಖ ತಿರುಗಿಸ್ಕೊಂಡು ಹೋಗ್ಬಿಟ್ರು. ನಾನೇನಪ್ಪಾ ಮಾಡ್ದೆ?"

ಲಾನ್ಸಿ ಹೂವಿನ ವಿಷಯ ಹೇಳಿದ. ತಾನು ಮನೆಯಲ್ಲಿ ಹೇಳಿದ್ದ ಸುಳ್ಳನ್ನು ಮಾತ್ರ ನುಂಗಿಕೊಂಡ.

ರಾಜಣ್ಣ ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿಯೇಬಿಟ್ಟ. "ಅಯ್ಯೋ ನಿನ್ನ! ನಂಗೊಂದು ಮಾತು ಹೇಳ್ಬಾರ್ದಿತ್ತೇನೋ? ಒಂದು ಮೂಲೆ ಪಾರ್ಕ್ ಅಂತ ತೋರಿಸಿ ಬಿಟ್ಬಿಡ್ತಿದ್ವಿ. ಮಕ್ಕಳ ಹಬ್ಬ ಕಣೋ! ನಾನೇನು ಬೇಡ ಅಂತಿದ್ನಾ?"

ರಾಜಣ್ಣ ಅವನ ಮುಂದೆ ಕೈ ಚಾಚಿದ.

"ಮೇಬಲ್ ಅವ್ರಿಗೆ ಫೋನ್ ಮಾಡಿ ಕೊಡು ಇಲ್ಲಿ. ನಂಗೆ ಗೊತ್ತೇ ಇರ್ಲಿಲ್ಲಮ್ಮ ಅಂತ ನಾನೇ ಹೇಳ್ತೀನಿ."

"ಈಗ ಡ್ಯೂಟಿಯಲ್ಲಿರ್ತಾಳೆ ಸರ್" ಎಂದ ಲಾನ್ಸಿ. ಅವತ್ತು ಮೇಬಲ್‌ಗೆ ರಜೆ ಇತ್ತು.