ಬಲೆ ಎಳೆದ ಬೆಳಿಗ್ಗೆ

ನಾವುಂದದ ಕಡಲತೀರದಲ್ಲಿ ಓಡುತ್ತಿದ್ದವನು ಏದುಸಿರು ಬಿಡುತ್ತಾ ನಿಂತುಬಿಟ್ಟೆ. ಮೊಣಕಾಲಿನ ಶಸ್ತ್ರಚಿಕಿತ್ಸೆಯ ಬಳಿಕ, ಇನ್ನು ನಡೆದರೆ ಸಾಕು ಎಂದು ಮನೆಯವರೆಲ್ಲ ಹೇಳಿದ್ದರು. ಅಲ್ಲೇ ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುತ್ತಿದ್ದವರ ಗುಂಪಿನಿಂದ ಹೆಂಗಸೊಬ್ಬರು ಕೂಗಿದರು: "ಹ್ವಾಯ್, ನಿತ್ಕಂಡ್ ಎಂತ ಕಾಂತ್ರಿ? ಹಗ್ಗ ಎಳುಕೆ ಬನ್ನಿ!"

"ಕಾಲಿಗ್ ಆಪರೇಶನ್ ಆಯಿತ್, ಅಕ್ಕ."

"ಕೊಯ್ದದ್ ಕಾಲಲ್ದಾ? ಕೈಗ್ ಎಂತ ಆಯಿತ್?"

ಹಗ್ಗ ಹಿಡಿದೆ. ಹಿಮ್ಮಡಿಯನ್ನು ಮರಳಿಗೆ ಊರಿ, ಎಲ್ಲರೊಡನೆ ಹಿಂದಕ್ಕೆ ಹೆಜ್ಜೆ ಇಟ್ಟೆ. ಹಗ್ಗ ಹಿಡಿದವರಿಗೆಲ್ಲ ಪಾಲುಂಟು ಎಂದು ನನಗೂ ಮೀನು ಕೊಟ್ಟರು. ಬಂಗುಡೆಯೋ ಬೂತಾಯಿಯೋ, ನನ್ನ ನೆನಪು ಒಂದೊಂದು ಸಲ ಒಂದೊಂದು ಹೇಳುತ್ತದೆ. ಬಿಸಿಲೇರುವ ಮೊದಲು ಮೀನು ಮನೆ ಸೇರಬೇಕಿತ್ತು. ಓಡಿದೆ.

ಆ ಹೆಂಗಸು ನನ್ನನ್ನು ಗುಣಪಡಿಸಿದರು ಎಂದು ಬರೆದರೆ ಸುಳ್ಳಾಗುತ್ತದೆ. ಮೊಣಕಾಲು ಇಂದಿಗೂ ನೋಯುತ್ತದೆ. ನೋಯಲಿ. ಓಡಬಹುದೇ ಎಂದು ಈಗ ಯಾರನ್ನೂ ಕೇಳುವುದಿಲ್ಲ.